ಅಪ್ಪಣೆ ಇಲ್ಲದ ಡಂಗುರ

ಹಂಪಿಗೆ ಹೋಗಿ ಬಂದ ಮಕ್ಕಳಿಗೆ ಪ್ರಬಂಧ ಬರೆಯಿರಿ ಅಂದರೆ ಮುಗಿಯಿತು, ಎಲ್ಲರೂ ಅದೇ ಒಂದು ವಾಕ್ಯ ಬರೆದುಕೊಂಡು ಬರುತ್ತಾರೆ: ಹಂಪಿಯ ಕಲ್ಲು ಕಲ್ಲೂ ಗತವೈಭವವನ್ನು ಸಾರುತ್ತದೆ. ಹೊಸಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿ ವರ್ಷಗಟ್ಟಲೆ ಈ ವಾಕ್ಯಕ್ಕೆ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕುತ್ತ ಬಂದಿದ್ದೇನೆ. ವ್ಯಾಕರಣ ಸರಿ ಇದೆ, ಕಾಗುಣಿತ ಸರಿ ಇದೆ, ಇನ್ನೇನು ಬೇಕು? ಆದರೆ ಈಚೆಗೆ ಆ ವಾಕ್ಯ ಕಂಡರೆ ಮೈಯೆಲ್ಲ ಉರಿಯುತ್ತದೆ. ಕಲ್ಲು ಸಾರಬಹುದಂತೆ! ಕಲ್ಲಿಗೆ ಆ ಭಾಗ್ಯ ಇದೆ. ಕಲ್ಲನ್ನು ಅಡ್ಡಗಟ್ಟಿ ಯಾರೂ ಏನನ್ನೂ ಕೇಳುವುದಿಲ್ಲ.

ಹೋದ ವರ್ಷ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ಮೇಡಂ, ಸಾರೂದು ಅಂದ್ರ ಹೇಳೂದು ತಾನ್ರಿ? ಹಂಗಾರ ಹೇಳುತ್ತದೆ ಅಂತ ಬರದ್ರ ಏನಾಗ್ತೈತ್ರಿ?"

ಒಳ್ಳೆಯ ಪ್ರಶ್ನೆ. ನನಗೆ ಗೊತ್ತಿದ್ದಷ್ಟು ಹೇಳಿದೆ. ನಿಘಂಟು ತೆಗೆದರೆ ಘೋಷಿಸು, ಪ್ರಕಟಪಡಿಸು ಎಂದಿರುತ್ತದೆ. ಹಳೆಗನ್ನಡದಲ್ಲಿ ಇದನ್ನು ಈಗ ಬಿಟ್ಟುಹೋಗಿರುವ ಒಂದು ಗಡಸು ರಕಾರದಲ್ಲಿ ಬರೆಯುತ್ತಿದ್ದರು. ತೆಲುಗಿನಲ್ಲಿ ಇದರ ಬಳಗದ ಪದ ಇದೆ, ಚಾಟು. ಕಂಪ್ಲಿ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಚಾಟಿಂಪು ಅಂದರೆ ಡಂಗುರ, ಬೀದಿಯಲ್ಲಿ ವಾದ್ಯ ಬಡಿದು ಊರಿಗೆ ತಿಳಿಸುವುದು. ಹೇಳುವುದಾದರೆ ಅಡುಗೆಮನೆಯಲ್ಲಿ ಕೂತು ಹೇಳಬಹುದು, ಕಿವಿಯಲ್ಲಿ ಹೇಳಬಹುದು. ಸಾರುವುದಾದರೆ ಬೀದಿಗೆ ಬರಬೇಕು, ನಾಲ್ಕು ಜನ ಕೇಳಿಸಿಕೊಳ್ಳಬೇಕು. ಮನಸ್ಸಿನಲ್ಲಿ ಎಷ್ಟೇ ಗಟ್ಟಿಯಾಗಿ ನಂಬಿದರೂ ಅದು ಸಾರಿದಂತಾಗುವುದಿಲ್ಲ. ಇಷ್ಟು ಹೇಳಿ, ಉದಾಹರಣೆಗೆ ಒಂದು ವಾಕ್ಯ ಇರಲಿ ಅಂತ ಬೋರ್ಡಿನ ಕಡೆ ತಿರುಗಿ ಬರೆದೆ: ಅವನು ತನ್ನ ನಂಬಿಕೆಯನ್ನು ಊರಿಗೆಲ್ಲ ಸಾರಿದನು. ಬರೆದಾದ ಮೇಲೆ ಕೈಯಲ್ಲಿ ಚಾಕ್‌ಪೀಸ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಆ 'ಅವನು' ನನ್ನ ಅಪ್ಪ. ಮಕ್ಕಳಿಗೆ ಅದನ್ನು ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮೂರು ಕಂಪ್ಲಿ ಕಡೆಯದು, ಕಾಲುವೆಯ ಕೆಳಗಿನ ಭತ್ತದ ಊರು. ಅಪ್ಪ ಅಲ್ಲಿ ಡಂಗುರ ಸಾರುವವನು. ಅವನಪ್ಪನೂ ಅದೇ, ಅವನ ತಾತನೂ ಅದೇ. ನಮ್ಮ ಕೇರಿಯಲ್ಲಿ ಒಂದು ಮನೆಗೆ ಆ ಕೆಲಸ ಅಂಟಿಕೊಂಡಿತ್ತು, ಆ ಮನೆ ನಮ್ಮದು. ಹುಲ್ಲಿಗೆ ಬೆಂಕಿ ಹಚ್ಚಿ ಹಲಗೆ ವಾದ್ಯದ ಚರ್ಮ ಕಾಯಿಸಿಕೊಂಡು, ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಮೊದಲು ಹಿರಿಯರು ಕೂಡುವ ಕಟ್ಟೆಯ ಕೆಳಗೆ, ಆಮೇಲೆ ಹಿಟ್ಟಿನ ಗಿರಣಿ ಮುಂದೆ, ಆಮೇಲೆ ಮೇಲಿನ ಓಣಿಗಳಲ್ಲಿ. ಕಾಲುವೆಗೆ ನೀರು ಬಿಡುವುದು, ಪಂಚಾಯ್ತಿ ಕಂದಾಯ, ಕಳೆದುಹೋದ ಎಮ್ಮೆ, ಏನಿದ್ದರೂ ಅಪ್ಪನ ಬಾಯಿಂದಲೇ ಊರಿಗೆ ಗೊತ್ತಾಗಬೇಕು.

ಅದಕ್ಕೊಂದು ಕಟ್ಟುಪಾಡು ಇತ್ತು. ಏನು ವಿಷಯ ಅನ್ನುವುದಕ್ಕಿಂತ ಮುಂಚೆ ಯಾರ ಅಪ್ಪಣೆ ಅನ್ನುವುದನ್ನು ಹೇಳಬೇಕು. ನಮ್ಮ ಕಡೆ ಊರ ಹಿರಿಯರ ಸಭೆಗೆ ದೈವ ಅನ್ನುತ್ತಾರೆ. "ಕೇಳ್ರಪ್ಪೋ ಕೇಳ್ರೀ, ದೈವದೋರ ಅಪ್ಪಣಿ ಆಗೇತೀ" ಅಂತ ಮೊದಲು. ಎಮ್ಮೆ ಕಳೆದರೆ ಎಮ್ಮೆಯ ಧಣಿಯ ಹೆಸರು ಮೊದಲು, ಎಮ್ಮೆ ಆಮೇಲೆ. ಜನ ಆ ಹೆಸರಿಗೇ ಕಿವಿ ಕೊಡುತ್ತಿದ್ದರು. ದೊಡ್ಡ ಹೆಸರಾದರೆ ಹೊರಗೆ ಬಂದು ನಿಲ್ಲುತ್ತಿದ್ದರು, ಸಣ್ಣ ಹೆಸರಾದರೆ ಒಳಗಿಂದಲೇ ಕೇಳಿ ಸುಮ್ಮನಾಗುತ್ತಿದ್ದರು. ಹೆಸರೇ ಇಲ್ಲದ ಡಂಗುರ ಅಂತ ಒಂದು ಇರಬಹುದು ಅಂತ ಯಾರ ತಲೆಗೂ ಹೊಳೆದಿರಲಿಲ್ಲ. ಊರಿಗೆಲ್ಲ ಕೇಳುವ ಹಾಗೆ ಕೂಗುವ ಅಪ್ಪ, ಮನೆಯಲ್ಲಿ ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳುತ್ತಿರಲಿಲ್ಲ.

"ಊರ ಮುಂದ ಒದರ್ತೀರಿ, ಮನ್ಯಾಗ ಒಂದೀಟು ಉಪ್ಪು ಕೇಳಾಕ ಬಾಯಿ ಬರಂಗಿಲ್ಲ ನಿಮಗ" ಅಂತ ಅವ್ವ ರೇಗಿಸುತ್ತಿದ್ದಳು.

ಅವ್ವನ ತವರು ಸಂಡೂರು ತಾಲ್ಲೂಕಿನ ವಡ್ಡು. ಅಲ್ಲಿ ನಮ್ಮ ಸಂಬಂಧದ ಹುಡುಗರು ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡುತ್ತಾರೆ, ಓದಿಕೊಂಡವರು, ಯಾರ ಮುಂದೆಯೂ ತಲೆ ಬಗ್ಗಿಸಿ ಗೊತ್ತಿಲ್ಲದವರು. ಕೆಲವು ವರ್ಷಗಳ ಹಿಂದೆ ಅವರೇ ಒಂದು ಭಾನುವಾರ ಶಾಮಿಯಾನ ಹಾಕಿಸಿ, ಬೌದ್ಧ ಭಿಕ್ಷು ಭಂತೇಜಿ ಒಬ್ಬರನ್ನು ಕರೆಸಿ, ಬೌದ್ಧ ದೀಕ್ಷೆಯ ಕಾರ್ಯಕ್ರಮ ಇಟ್ಟುಕೊಂಡರು. ಅಪ್ಪ ಅವ್ವ ಇಬ್ಬರೂ ಬಿಳಿ ಬಟ್ಟೆ ಉಟ್ಟು ಕೂತರು. ಭಂತೇಜಿ ಒಂದು ಸಾಲು ಹೇಳುವುದು, ಎಲ್ಲರೂ ಅದನ್ನೇ ಹೇಳುವುದು. ಅಪ್ಪನ ಗಂಟಲು ಸುಮ್ಮನಿರುತ್ತದೆಯೇ? ಅಷ್ಟು ಜನರ ದನಿಯ ಮೇಲೆ ಅವನದೊಂದೇ ದನಿ. ಭಂತೇಜಿ ಮುಚ್ಚಿದ ಕಣ್ಣು ತೆರೆದು ನೋಡಿದರು. ಹುಡುಗರು ಮುಸಿಮುಸಿ ನಕ್ಕರು. ಅಪ್ಪ ನಾಚಿಕೊಂಡು ತಲೆ ತಗ್ಗಿಸಿದ, ಆದರೆ ದನಿ ತಗ್ಗಿಸಲಿಲ್ಲ. ನಾನು ಅವನ ಹಿಂದೆ ಕೂತಿದ್ದೆ. ಅಷ್ಟು ಖುಷಿಯಾಗಿ ಅವನನ್ನು ನಾನು ಯಾವತ್ತೂ ನೋಡಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದ. "ಇದನ್ನ ಊರಾಗ ಸಾರಬೇಕು, ಯವ್ವಾ."

"ಯಾಕಪ್ಪಾ? ಮನ್ಯಾಗ ಬುದ್ಧನ ಫೋಟೋ ಹಾಕ್ಕೋ, ಮುಗೀತಲ್ಲ."

"ಹಂಗಲ್ಲ. ಮುಂದ ಊರಮ್ಮನ ಹಬ್ಬ ಬರ್ತೈತಿ. ಗುಡಿ ಮುಂದ ಹಲಗಿ ಬಾರ್ಸಾಕ ಬಾ ಅಂತಾರ. ಒಲ್ಲೆ ಅಂದ್ರ ಇವಗ ಸೊಕ್ಕು ಬಂತು ಅಂತಾರ. ಮೊದ್ಲ ಸಾರಿಬಿಟ್ರ ಗೊತ್ತಾಗ್ತೈತಿ, ಇವ ಸೊಕ್ಕಿಲೆ ಅಲ್ಲ, ನಂಬಿಕಿಲೆ ಬಿಟ್ಟ ಅಂತ."

ಅವನಿಗೆ ಬೇಕಾಗಿದ್ದು ಅಷ್ಟೇ. ಹಲಗೆ ಬಿಡಬೇಕು, ಯಾಕೆ ಬಿಟ್ಟ ಅನ್ನುವುದು ಊರಿಗೆ ಅವನ ಬಾಯಿಂದಲೇ ಗೊತ್ತಾಗಬೇಕು. ಊರಿನ ಮಾತನ್ನೆಲ್ಲ ಅಷ್ಟು ವರ್ಷ ಹೊತ್ತವನು ತನ್ನದು ಅಂತ ಒಂದೇ ಒಂದು ಮಾತು ಸಾರಲು ಹೊರಟಿದ್ದ. ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು ತಿರುಗಿ, "ನನ್ನೂ ಸೇರ್ಸಿ ಹೇಳ್ರಿ ಮತ್ತ, ನಿಮ್ಮದೊಂದ ಹೇಳಿ ಬರಬ್ಯಾಡ್ರಿ" ಅಂದಳು.

ನಾನು ಚಿತ್ತವಾಡ್ಗಿಯಲ್ಲಿ ಮನೆ ಮಾಡಿಕೊಂಡಿದ್ದೆ. ರಜೆ ನೋಡಿಕೊಂಡು ಊರಿಗೆ ಹೋದೆ. ಅಪ್ಪ ದೀಕ್ಷೆಯ ದಿನದ ಬಿಳಿ ಅಂಗಿಯನ್ನೇ ಹಾಕಿಕೊಂಡು ಹಲಗೆ ಕಾಯಿಸುತ್ತಿದ್ದ. ಹಲಗೆ ಮುಟ್ಟುವುದಿಲ್ಲ ಅಂತ ಹೇಳಲು ಹಲಗೆ ಯಾಕೆ, ಹಾಗೇ ಹೋಗಿ ಹೇಳು ಅಂದೆ. "ಹಲಗಿ ಸಪ್ಪಳ ಇಲ್ದ ಯಾರು ಹೊರಗ ಬರ್ತಾರ?" ಅಂದ. ಅದೂ ನಿಜವೇ.

ಕಟ್ಟೆಯ ಕೆಳಗೆ ನಿಂತ. ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ನಾನೂ ಅವ್ವನೂ ಸ್ವಲ್ಪ ದೂರದಲ್ಲಿ ನಿಂತೆವು. ಅಪ್ಪ ಹಲಗೆ ಬಡಿದ, ನಿಲ್ಲಿಸಿದ, ಕೊರಳೆತ್ತಿ ಕೂಗಿದ.

"ಕೇಳ್ರಪ್ಪೋ ಕೇಳ್ರೀ! ದೈವದೋರ ಅಪ್ಪಣಿ ಆಗೇತೀ! ಇವತ್ತಿನಿಂದ ನಾನು, ನನ್ನ ಹೇಣ್ತಿ, ಬೌದ್ಧರಾಗೀವಿ! ಇನ್ಮ್ಯಾಗ ನಾನು ಹಲಗಿ ಮುಟ್ಟೂದಿಲ್ಲಾ!"

ಅಯ್ಯೋ ಅಪ್ಪಾ! ಅವನಿಗೆ ಗೊತ್ತೇ ಆಗಿರಲಿಲ್ಲ. ಹಲಗೆ ಬಡಿದ ಕೂಡಲೇ ಬಾಯಿ ತಾನಾಗಿ ತೆರೆದು ಹಳೆಯದನ್ನು ಹೇಳಿಬಿಟ್ಟಿತ್ತು. ತನ್ನ ಜೀವಮಾನದ ಒಂದು ಸ್ವಂತ ಮಾತನ್ನೂ ಅವರ ಅಪ್ಪಣೆ ಅಂತಲೇ ಸಾರಿದ್ದ. ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಲೇ, ನಾವ್ಯಾವಾಗ ಅಪ್ಪಣಿ ಕೊಟ್ವಿ ನಿನಗ?" ಅಂತ ಒಬ್ಬ ಕೇಳಿದ. ಆಗ ಎದ್ದ ನಗೆ ಎಂಥದ್ದು ಅಂತೀರಿ! ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನಿಗೆ ಅವಾಗ ತಿಳಿಯಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡ. ಗಿರಣಿಗೂ ಹೋಗಲಿಲ್ಲ, ಓಣಿಗೂ ಹೋಗಲಿಲ್ಲ, ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದುಬಿಟ್ಟ.

ಸಂಜೆ ಗೌಡರಿಂದ ಕರೆ ಬಂತು. ಊರಿನ ದೈವಕ್ಕೆ ಅವರೇ ದೊಡ್ಡವರು, ಅಕ್ಕಿ ಗಿರಣಿಯ ಮಾಲೀಕರು. ಹಣೆಯ ತುಂಬ ವಿಭೂತಿ, ಮಾತು ಬೆಣ್ಣೆ. ಅವರು ಕಿರುಚಿದ್ದನ್ನು ನಾನು ಕೇಳಿಲ್ಲ, ಕಿರುಚುವ ಪ್ರಸಂಗವೇ ಅವರಿಗೆ ಬಂದಿಲ್ಲ. ಗಿರಣಿಯ ಅಂಗಳದಲ್ಲಿ ಅವರು ಕುರ್ಚಿಯ ಮೇಲೆ, ಅಪ್ಪ ನೆಲದ ಮೇಲೆ. "ಟೀಚರಮ್ಮ ಬಂದೀರಿ, ಕುಂದ್ರಿ" ಅಂತ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ನಾನು ಕೂರಲಿಲ್ಲ.

"ನೀ ಬೌದ್ಧನರ ಆಗು, ಮತ್ತೇನರ ಆಗು, ನಮಗೇನೂ ಬ್ಯಾಸರಿಲ್ಲ" ಅಂದರು ಗೌಡರು. "ಬುದ್ಧಗ ನಾವೂ ಕೈ ಮುಗಿಯೋರ. ಆದ್ರ ನಮ್ಮ ಹೆಸರಿಲೆ ಸಾರಿದಿ ನೋಡು, ಅದು ತಪ್ಪು."

"ತಪ್ಪಾತ್ರಿ ಗೌಡ್ರ. ಬಾಯಿ ರೂಢಿ" ಅಂದ ಅಪ್ಪ.

"ಇರ್ಲಿ ಬಿಡು, ಆಗ್ತೈತಿ. ನಾಳೆ ಇನ್ನೊಂದು ಸಲ ಸಾರಿಬಿಡು, ನಿನ್ನೆ ಸಾರಿದ್ದು ಸುಳ್ಳು ಅಂತ. ಮುಗೀತು."

ಅಪ್ಪ ತಲೆ ಎತ್ತಿ ಹೇಳಿದ. "ಅಪ್ಪಣಿ ಅಂದಿದ್ದು ಸುಳ್ಳು ಅಂತೀನ್ರಿ. ಉಳಿದಿದ್ದು ಖರೇ ಐತ್ರಿ."

"ಅರ್ಧ ಸುಳ್ಳು, ಅರ್ಧ ಖರೇ ಅಂತ ಯಾರರ ಡಂಗುರ ಸಾರ್ತಾರೇನಲೇ? ಮಂದಿಗೆ ತಿಳೀಬೇಕಲ್ಲ."

ನನಗೆ ತಡೆಯಲಾಗಲಿಲ್ಲ. "ಗೌಡ್ರ, ತಾನು ನಂಬಿದ್ದನ್ನ ಹೇಳಾಕ ಒಬ್ಬ ಮನಷ್ಯಾಗ ಯಾರ ಅಪ್ಪಣಿ ಬೇಕ್ರಿ?" ಅಂದೆ.

ಗೌಡರು ನಕ್ಕರು. "ನಂಬಾಕ ಬ್ಯಾಡ್ರಿ ಟೀಚರಮ್ಮ. ಸಾರಾಕ ಬೇಕು. ಮನ್ಯಾಗ ಬೇಕಾದಷ್ಟು ನಂಬ್ಲಿ, ಯಾರು ಬ್ಯಾಡ ಅಂದ್ರು?"

ನಾನು ಓದಿದ ಯಾವ ನಿಘಂಟಿನಲ್ಲೂ ಈ ಅರ್ಥ ಇರಲಿಲ್ಲ. ಅಪ್ಪನನ್ನು ಎಬ್ಬಿಸಿಕೊಂಡು ಮನೆಗೆ ಬಂದೆ. ಈಗಲೂ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಆ ಗಿರಣಿಯ ಅಂಗಳದಲ್ಲಿ ನಿಂತು ಗೌಡರಿಗೆ ಉತ್ತರ ಕೊಡುತ್ತಿರುತ್ತೇನೆ. ಎಂಥೆಂಥ ಉತ್ತರಗಳು! ಏನು ಪ್ರಯೋಜನ, ಕೇಳಲು ಎದುರಿಗೆ ಗೌಡರಿರುವುದಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಮತ್ತೆ ಹಲಗೆ ಕಾಯಿಸಿದ. ಗೌಡರು ಹೇಳಿದ್ದನ್ನು ಹೇಳುತ್ತೀಯಾ ಅಂತ ನಾನು ಕೇಳಲಿಲ್ಲ, ಕೇಳಲು ಹೆದರಿಕೆ. ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದ. ಪರೀಕ್ಷೆಯ ದಿನ ಮಕ್ಕಳು ಮಾಡುತ್ತಾರಲ್ಲ, ಹಾಗೆ. "ಈ ಸಲ ನೆಪ್ಪಿಟ್ಟು ಹೇಳ್ರಿ" ಅಂದಳು ಅವ್ವ.

ಕಟ್ಟೆಯ ಕೆಳಗೆ ಹಲಗೆ ಬಡಿದ. ನಿಲ್ಲಿಸಿದ. ಬಾಯಿ ತೆರೆದ, ಮುಚ್ಚಿದ, ಎಂಜಲು ನುಂಗಿದ. ಆ ಹಳೆಯ ಮಾತು ಗಂಟಲ ತನಕ ಬಂದು ಕೂತಿತ್ತು ಅಂತ ಕಾಣುತ್ತದೆ. ಆಮೇಲೆ ಕೂಗಿದ.

"ಕೇಳ್ರಪ್ಪೋ ಕೇಳ್ರೀ! ನಿನ್ನೆ ದೈವದೋರ ಅಪ್ಪಣಿ ಅಂದಿದ್ದು ನನ್ನ ತಪ್ಪು! ಇದಕ್ಕ ಯಾರ ಅಪ್ಪಣೀನೂ ಇಲ್ಲ! ಇದು ನನ್ನ ಮಾತು! ನಾನು, ನನ್ನ ಹೇಣ್ತಿ, ಬೌದ್ಧರಾಗೀವಿ! ಹಲಗಿ ಬಿಟ್ಟೀನಿ!"

ಭೇಷ್ ಅಪ್ಪಾ ಅಂತ ಚಪ್ಪಾಳೆ ಹೊಡೆಯಬೇಕು ಅನ್ನಿಸಿತು ನನಗೆ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಅಳುತ್ತಿದ್ದಳು. ಆದರೆ ಕಟ್ಟೆಯ ಮೇಲೆ ಒಬ್ಬರೂ ನಗಲಿಲ್ಲ, ಬೈಯಲಿಲ್ಲ, ತಲೆ ಎತ್ತಿ ನೋಡಲೂ ಇಲ್ಲ. ಮೊಬೈಲ್ ನೋಡುವವರು ಮೊಬೈಲ್ ನೋಡುತ್ತಿದ್ದರು, ಎಲೆ ಅಡಿಕೆ ಹಾಕುವವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಿಟ್ಟಿನ ಗಿರಣಿ ಮುಂದೆಯೂ ಅದೇ. ಹಿಟ್ಟಿಗೆ ಬಂದ ಹೆಂಗಸರು ಒಂದು ಸಲ ನೋಡಿ ಮತ್ತೆ ತಮ್ಮ ಮಾತಿಗೆ ತಿರುಗಿಕೊಂಡರು. ಮೇಲಿನ ಓಣಿಯಲ್ಲಿ ಮಾತ್ರ ಒಬ್ಬ ಮುದುಕಿ ಬಾಗಿಲಲ್ಲಿ ಇಣುಕಿ, "ಯಾರ ಅಪ್ಪಣಿ ಐತಿ ಯಪ್ಪಾ?" ಅಂತ ಕೇಳಿದಳು.

"ಯಾರದೂ ಇಲ್ಲ ಯವ್ವಾ. ನಂದ ಮಾತು."

"ಹಂಗಾರ ಆತು ತಗೋ" ಅಂದು ಒಳಗೆ ಹೋದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ ಅದು. ಹೆಸರಿಲ್ಲದ ಡಂಗುರವನ್ನು ನಿಂತು ಕೇಳುವ ರೂಢಿಯೇ ಅವಳಿಗಿಲ್ಲ, ಅಷ್ಟೇ. ಆದರೂ ನನಗೆ ಆ ಬಾಗಿಲು ಒದೆಯಬೇಕು ಅನ್ನಿಸಿತು.

ನಾವು ಅದೇ ಓಣಿಯಲ್ಲಿ ಇರುವಾಗ ಆಟೋ ಬಂತು. ಮೇಲೆ ಮೈಕು ಕಟ್ಟಿದ ಆಟೋ. ಒಳಗೆ ಮೈಕು ಹಿಡಿದು ಕೂತಿದ್ದವನು ಅಪ್ಪನ ಚಿಕ್ಕಪ್ಪನ ಮಗ. ವಡ್ಡುವಿಗೆ ನಮ್ಮ ಜೊತೆ ಬಂದವನು, ಶಾಮಿಯಾನದ ಕೆಳಗೆ ಕೂತು ಉಂಡವನು. ನಮ್ಮನ್ನು ನೋಡಿದ ಕೂಡಲೇ ಮುಖ ಆ ಕಡೆ ಮಾಡಿಕೊಂಡ. ದನಿ ಮಾತ್ರ ಸ್ಪಷ್ಟವಾಗಿ ಬಂತು.

"ಕೇಳ್ರಪ್ಪೋ ಕೇಳ್ರೀ! ದೈವದೋರ ಅಪ್ಪಣಿ ಆಗೇತೀ! ಹಲಗಿ ಹೊಡಿಯಾವಗ ವಯಸ್ಸಾಗಿ ತಲಿ ಸರಿ ಇಲ್ಲ! ಅದಕ್ಕ ಅವನ್ನ ಇವತ್ತಿನಿಂದ ಕೆಲ್ಸದಿಂದ ಬಿಡಿಸೇತಿ! ಅವ ಏನ ಹೇಳಿದ್ರೂ ಯಾರೂ ಮನಸಿಗೆ ಹಚ್ಕೋಬಾರ್ದು! ಪಾಪ ಅಂತ ನೋಡ್ಕೋಬೇಕೂ!"

ಓಣಿಯ ಬಾಗಿಲುಗಳೆಲ್ಲ ತೆರೆದವು. ಆ ಮುದುಕಿಯೂ ಹೊರಗೆ ಬಂದು, ಕಿವಿಗೆ ಕೈ ಹಚ್ಚಿಕೊಂಡು, ಪೂರ್ತಿ ಕೇಳಿದಳು. ಕೇಳಿ ಅಪ್ಪನ ಕಡೆ ನೋಡಿ, "ಅಯ್ಯ, ಪಾಪ" ಅಂದಳು. ಅವಳ ಕಣ್ಣಲ್ಲಿ ನಿಜವಾಗಿ ನೀರಿತ್ತು. ನಾನು ಆಟೋದ ಹಿಂದೆ ಓಡಿದೆ. "ನಿನ್ನ ಬಾಯಿ ಸೇದಿಹೋಗ್ಲಿ" ಅಂತ ನಡುಬೀದಿಯಲ್ಲಿ ಕಿರುಚಿದೆ, ಟೀಚರ್ ಅನ್ನುವುದನ್ನೂ ಮರೆತು. ಮೈಕಿನ ಮುಂದೆ ನನ್ನ ಗಂಟಲು ಯಾವ ಲೆಕ್ಕ? ಹಿಂತಿರುಗಿ ನೋಡಿದರೆ ಅಪ್ಪ ಹಲಗೆ ಕೆಳಗಿಳಿಸಿ, ಆಟೋ ಹೋದ ಕಡೆಯೇ ಕಿವಿಗೊಟ್ಟು ನಿಂತಿದ್ದ.

ನೋಡಿ, ಅವನಿಗೆ ಬೇಕಾಗಿದ್ದು ಸಿಕ್ಕಿತು. ಊರಮ್ಮನ ಹಬ್ಬಕ್ಕೆ ಹಲಗೆ ಬಾರಿಸು ಅಂತ ಯಾರೂ ಕರೆಯಲಿಲ್ಲ. ದಂಡ ಹಾಕಲಿಲ್ಲ, ಬಹಿಷ್ಕಾರ ಇಲ್ಲ, ಒಂದು ಕೆಟ್ಟ ಮಾತೂ ಇಲ್ಲ. ಯಾರಾದರೂ ಬಂದು ವಿಚಾರಿಸಿದರೆ ತೋರಿಸಲು ಒಂದು ಗಾಯವೂ ಇಲ್ಲ. ವಡ್ಡುವಿನ ಹುಡುಗರು ಸಿಟ್ಟಿನಿಂದ ಬಂದರು, ದೂರು ಕೊಡೋಣ ಅಂದರು. ಏನಂತ ಕೊಡುವುದು? ಪಾಪ ಅಂತ ನೋಡಿಕೊಂಡರು ಅಂತಲೇ? ಜೀವಮಾನವಿಡೀ ಅಪ್ಪನನ್ನು 'ಲೇ' ಅಂತ ಕರೆದವರು ಈಗ 'ಯಜ್ಜಾ' ಅನ್ನತೊಡಗಿದರು. ತಲೆ ಸರಿ ಇಲ್ಲ ಅಂತ ಆದ ಮೇಲೆ ಮರ್ಯಾದೆ ಸಿಕ್ಕಿತು ನನ್ನ ಅಪ್ಪನಿಗೆ. ಅವನು 'ನಾನು ಬೌದ್ಧ' ಅಂದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: ಹೌದೌದು ಯಜ್ಜಾ. ಅವ್ವ ಕಿರಾಣಿ ಅಂಗಡಿಯಲ್ಲಿ, ನಾನೂ ಬೌದ್ಧಳೇ, ನನ್ನ ತಲಿ ಸರಿ ಐತಿ ನೋಡ್ರಿ ಅಂದಳಂತೆ. ಅಂಗಡಿಯವನು, "ನಿನಗೂ ಹತ್ತಿತೇನಬೇ?" ಅಂತ ಮರುಕದಿಂದ ಕೇಳಿದನಂತೆ.

ಚಿತ್ತವಾಡ್ಗಿಗೆ ಬಂದುಬಿಡಿ, ನಮ್ಮ ಮನೆಯಲ್ಲಿ ಇರಿ ಅಂತ ಎಷ್ಟು ಸಲ ಗೋಗರೆದೆ. ಅಪ್ಪ ಒಪ್ಪಲಿಲ್ಲ.

"ಅಲ್ಲಿ ನಾ ಯಾರಂತ ಯಾರಿಗೆ ಗೊತ್ತೈತಿ? ಇಲ್ಲಿ ಒಬ್ಬನರ ನನಗ ಇಲ್ಲ ಅನ್ಲಿ, ಯವ್ವಾ. ನೀ ಹೆಂಗ ಬೌದ್ಧ ಆಗ್ತಿ ಅಂತ ಜಗಳ ತಗೀಲಿ. ಬೈಲಿ. ಬೈದ್ರ ಕೇಳಿಸ್ಕೊಂಡಂಗ ಆತು" ಅಂದ.

ಅದಕ್ಕೇ ದಿನಾ ಬೆಳಿಗ್ಗೆ ಬಸ್ ನಿಲ್ಲುವ ಕಡೆ ಚಹಾದ ಅಂಗಡಿಗೆ ಹೋಗುತ್ತಾನೆ. ಕಂಡವರಿಗೆಲ್ಲ ಹೇಳುತ್ತಾನೆ, ಯಾರಾದರೂ ಜಗಳಕ್ಕೆ ಬರಲಿ ಅಂತ ಕಾಯುತ್ತಾನೆ. ಹೋದ ತಿಂಗಳು ಊರಿಗೆ ಹೋದಾಗ ನಾನೂ ಜೊತೆಗೆ ಹೋದೆ. ಬೆಂಚಿನ ಮೇಲೆ ಒಂದಿಷ್ಟು ಜನ ಕೂತಿದ್ದರು, ಅಪ್ಪ ಬಂದ ಕೂಡಲೇ ಸರಿದು ಜಾಗ ಕೊಟ್ಟರು. ಅವನ ಗಂಟಲು ಈಗ ಮೊದಲಿನ ಹಾಗಿಲ್ಲ, ಎಲ್ಲ ಕಡೆಯೂ ಮನೆಯಲ್ಲಿ ಮಾತಾಡಿದ ಹಾಗೇ ಮಾತಾಡುತ್ತಾನೆ. ಚಹಾ ಸೋಸುತ್ತಿದ್ದ ಅಂಗಡಿಯವನನ್ನು ದಿಟ್ಟಿಸಿ ನೋಡಿ, ಒಂದೊಂದೇ ಪದ ಬಿಡಿಸಿ ಹೇಳಿದ.

"ನಾ ಬೌದ್ಧ ಅದೀನಿ. ಖರೇ ಹೇಳಾಕತ್ತೀನಿ."

"ಹೌದೌದು ಯಜ್ಜಾ" ಅಂದ ಅಂಗಡಿಯವನು, ತುಂಬ ಪ್ರೀತಿಯಿಂದ. ಲೋಟ ಮುಂದಿಟ್ಟು ಕೇಳಿದ. "ಸಕ್ಕರಿ ಸಾಕಾ ನೋಡು."

ಅಪ್ಪ ಒಂದು ಗುಟುಕು ಕುಡಿದು ನೋಡಿದ.

"ಸಾಕು" ಅಂದ.